300 ದಿನ ಬೀಗ, 181 ದಿನ ವಿಸ್ತರಣೆ: ಒಂದು ವಾರ್ಷಿಕ ಪಾಸಿನ ಪ್ರಕರಣ

ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಕುಟುಂಬ 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಹೊರವಲಯದ ಒಂದು ಪಾರ್ಕಿನ ವಾರ್ಷಿಕ ಪಾಸ್ ಕೊಂಡಿತು. ನೀರಾಟ, ರೈಡುಗಳು ಎರಡೂ ಇರುವ ಪಾರ್ಕ್. ದೊಡ್ಡವರಿಗೆ 3,300 ರೂಪಾಯಿ, ಮಕ್ಕಳಿಗೆ 2,700. ಗಂಡ, ಹೆಂಡತಿ, ಮಗ, ಮಗಳು ಸೇರಿ ಒಟ್ಟು 12,000. ಪಾಸಿನ ಅವಧಿ 2020ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ. ಆ ವರ್ಷ ಏನಾಯಿತು ಅಂತ ಯಾರಿಗೂ ಹೇಳಬೇಕಿಲ್ಲ.

ನಾನು ಸೂಪರ್ ಮಾರ್ಕೆಟ್ ಹತ್ತಿರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವನು, ವಕೀಲನಲ್ಲ. ಈ ಕುಟುಂಬದ ಯಜಮಾನರು ಖಾಸಗಿ ಕಾಲೇಜಿನ ಉಪನ್ಯಾಸಕರು, ನನ್ನ ಹಳೆಯ ಗಿರಾಕಿ. 2021ರ ಜುಲೈನಲ್ಲಿ ರಿಟರ್ನ್ ಕಾಗದಗಳ ಜೊತೆಗೆ ಈ ಫೈಲನ್ನೂ ತಂದು ಮೇಜಿನ ಮೇಲಿಟ್ಟರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಪಾರ್ಕಿನ ಹೆಸರೂ ಬೇಡ, ವಿಷಯ ರಾಜಿಯಲ್ಲಿ ಮುಗಿದಿದೆ.

ಇಲ್ಲಿಂದ ಹೈದರಾಬಾದಿನ ಪಾರ್ಕಿಗೆ ವರ್ಷದ ಪಾಸ್ ಯಾಕೆ ಅಂತ ಬೆಂಗಳೂರಿನವರು ಕೇಳಬಹುದು. ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ದೊಡ್ಡ ಆಸ್ಪತ್ರೆಗೂ ಅಲ್ಲಿಗೇ, ಮದುವೆ ಸೀರೆಗೂ ಅಲ್ಲಿಗೇ. ರೈಲು ಹತ್ತಿದರೆ ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಊರು ಸೇರುತ್ತದೆ. ಜೊತೆಗೆ ಈ ಮನೆಯ ಯಜಮಾನ್ತಿಯ ಅಕ್ಕ ಅಲ್ಲೇ ಇದ್ದಾರೆ, ಉಳಿಯುವ ಖರ್ಚಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಗೊತ್ತಿದ್ದವರಿಗೆ ನೀರಿನ ಪಾರ್ಕಿನ ಆಸೆಯನ್ನು ವಿವರಿಸಬೇಕಿಲ್ಲ.

ಅವರ ಲೆಕ್ಕ ಸರಳವಾಗಿತ್ತು. ಗೇಟಿನಲ್ಲಿ ಟಿಕೆಟ್ ಕೊಂಡರೆ ದೊಡ್ಡವರಿಗೆ 1,100, ಮಕ್ಕಳಿಗೆ 900. ನಾಲ್ವರಿಗೆ ಒಂದು ಸಲಕ್ಕೆ 4,000. ಮೂರು ಸಲ ಹೋದರೆ ಪಾಸಿನ ದುಡ್ಡು ಹುಟ್ಟುತ್ತದೆ, ನಾಲ್ಕನೆಯದು ಪುಕ್ಕಟೆ. ಸಂಕ್ರಾಂತಿ, ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ರಜೆ ಅಂತ ನಾಲ್ಕು ಸಲ ಹೋಗುವ ಯೋಚನೆ. ಪಾಸ್ ಮಾರುವವರ ಲೆಕ್ಕ ಇದರ ಉಲ್ಟಾ: ಬಹಳ ಜನ ಎರಡು ಸಲಕ್ಕಿಂತ ಜಾಸ್ತಿ ಬರುವುದಿಲ್ಲ, ಬಂದವರು ಒಳಗೆ ಊಟಕ್ಕೆ, ಲಾಕರ್‌ಗೆ ಬೇರೆ ಖರ್ಚು ಮಾಡುತ್ತಾರೆ. ಇದರಲ್ಲಿ ಮೋಸ ಏನಿಲ್ಲ. ಎರಡೂ ಕಡೆಯವರು ಮುಂದಿನ ಒಂದು ವರ್ಷದ ಮೇಲೆ ಪಂದ್ಯ ಕಟ್ಟಿದ್ದಾರೆ ಅಷ್ಟೇ. ಆ ವರ್ಷವೇ ಇಲ್ಲವಾದರೆ ಪಂದ್ಯದ ದುಡ್ಡು ಯಾರದು? ಇಡೀ ಪ್ರಕರಣ ಈ ಒಂದು ಪ್ರಶ್ನೆ.

ಏನೇನಾಯಿತು

ಸಂಕ್ರಾಂತಿಗೆ ಒಂದು ಸಲ ಹೋಗಿ ಬಂದರು. ಆಮೇಲೆ ಮಾರ್ಚ್ ಬಂತು.

ಮಾರ್ಚ್ 10ರಂದು ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ದು ವಾಪಸ್ ಕರೆತರುವಾಗ ಆದ ಸಾವು ಅದು. ಎರಡು ದಿನದ ನಂತರ ದೇಶದ ಮೊದಲ ಕೋವಿಡ್ ಸಾವು ಇದೇ ಎಂದು ಖಚಿತವಾಯಿತು. ಬೇರೆ ಊರುಗಳಲ್ಲಿ ಕೊರೊನಾ ಇನ್ನೂ ಟಿವಿ ಸುದ್ದಿಯಾಗಿದ್ದಾಗ ನಮ್ಮಲ್ಲಿ ಅದು ಓಣಿಯೊಳಗಿನ ಭಯವಾಗಿತ್ತು. ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲು, ಥಿಯೇಟರು ಬಂದ್. 22ಕ್ಕೆ ಜನತಾ ಕರ್ಫ್ಯೂ. 25ರಿಂದ ಇಡೀ ದೇಶ ಲಾಕ್‌ಡೌನ್. ಅತ್ತ ಆ ಪಾರ್ಕ್ ಮಾರ್ಚ್ 15ರಿಂದಲೇ ಬಾಗಿಲು ಹಾಕಿತ್ತು.

ಜೂನ್‌ನಲ್ಲಿ ಪಾರ್ಕಿನಿಂದ ಎಲ್ಲಾ ಪಾಸುದಾರರಿಗೂ ಒಂದೇ ಮೇಲ್ ಬಂತು. ಪಾಸ್ ಅವಧಿಯನ್ನು 2021ರ ಜೂನ್ 30ರವರೆಗೆ ವಿಸ್ತರಿಸಿದ್ದೇವೆ, ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ, ನಿಯಮಗಳಲ್ಲಿ ಫೋರ್ಸ್ ಮೆಜೂರ್ (ಕೈಮೀರಿದ ಘಟನೆಗಳ) ಷರತ್ತು ಇದೆ, ಸಹಕರಿಸಿ. ಆ ಹೊತ್ತಿಗೆ ಉಪನ್ಯಾಸಕರ ಕಾಲೇಜು ಅರ್ಧ ಸಂಬಳ ಕೊಡುತ್ತಿತ್ತು. ಅವರ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮದುವೆಗಳೇ ನಿಂತಿದ್ದರಿಂದ ಆ ಆದಾಯವೂ ನಿಂತಿತ್ತು. 12,000 ರೂಪಾಯಿ ಆಗ ದೊಡ್ಡ ಮೊತ್ತ. ಉಪನ್ಯಾಸಕರು ಅದೇ ದಿನ ಎರಡು ಸಾಲಿನ ಉತ್ತರ ಬರೆದರು: ವಿಸ್ತರಣೆಗೆ ನಮ್ಮ ಒಪ್ಪಿಗೆ ಇಲ್ಲ, ಉಳಿದ ಅವಧಿಯ ಹಣ ವಾಪಸ್ ಕೊಡಿ. ದೂರಿನ ನಂಬರ್ ಒಂದು ಬಂತು. ಉತ್ತರ ಬರಲಿಲ್ಲ. ಆದರೂ ಮುಂದೆ ಪ್ರಕರಣ ನಿಂತದ್ದು ಈ ಎರಡು ಸಾಲುಗಳ ಮೇಲೆ.

ಮನರಂಜನಾ ಪಾರ್ಕುಗಳನ್ನು ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು 2020ರ ಅಕ್ಟೋಬರ್ 15ರಿಂದ, ಅದೂ ಕಂಟೈನ್‌ಮೆಂಟ್ ವಲಯದ ಹೊರಗೆ. ಈ ಪಾರ್ಕ್ ತಯಾರಿ ಮುಗಿಸಿ ತೆರೆದದ್ದು 2021ರ ಜನವರಿ 9ಕ್ಕೆ. ಬಾಗಿಲು ಹಾಕಿದ್ದು ಸರಿಯಾಗಿ 300 ದಿನ. ವಿಸ್ತರಿಸಿ ಕೊಟ್ಟದ್ದು 181 ದಿನ.

ಫೆಬ್ರುವರಿಯಲ್ಲಿ ಅಕ್ಕನ ಮನೆಯಲ್ಲಿ ಒಂದು ಕಾರ್ಯಕ್ರಮ ಇತ್ತು. ಹೇಗೂ ಹೈದರಾಬಾದಿಗೆ ಹೋಗುವುದಿತ್ತು. ಮಕ್ಕಳು ಒಂದು ವರ್ಷ ಮನೆಯೊಳಗೇ ಮೊಬೈಲ್ ಹಿಡಿದು ಪಾಠ ಕೇಳಿದ್ದವು. ಪಾಸ್ ಕೈಯಲ್ಲೇ ಇದೆ. ಹೋದರು.

ಗೇಟಿನಲ್ಲಿ ಆದದ್ದು ಈ ಪ್ರಕರಣದ ವಿಚಿತ್ರ ಭಾಗ. ಇಂಥ ಪಾರ್ಕುಗಳಲ್ಲಿ ಮಕ್ಕಳ ಟಿಕೆಟನ್ನು ವಯಸ್ಸಿನ ಬದಲು ಎತ್ತರದಿಂದ ತೀರ್ಮಾನಿಸುವುದು ರೂಢಿ. ಕೌಂಟರ್ ಪಕ್ಕ ಅಳತೆಯ ಪಟ್ಟಿ ಇರುತ್ತದೆ. ಇಲ್ಲಿ ಗೆರೆ 140 ಸೆಂಟಿಮೀಟರ್. ಪಾಸ್ ಕೊಂಡಾಗ ಮಗ 136 ಇದ್ದ. ಬಾಗಿಲು ಹಾಕಿದ್ದ ಕಾಲದಲ್ಲಿ ಹುಡುಗ ಬೆಳೆದಿದ್ದ, ಈಗ 143. ಮಕ್ಕಳ ಪಾಸ್ ನಡೆಯುವುದಿಲ್ಲ, ದೊಡ್ಡವರ ಪಾಸಿಗೆ ಬದಲಾಯಿಸಬೇಕು ಅಂದರು. ವ್ಯತ್ಯಾಸ 600 ರೂಪಾಯಿ. ಐದು ತಿಂಗಳೂ ಉಳಿಯದ ಪಾಸಿಗೆ ಪೂರ್ತಿ ವರ್ಷದ ವ್ಯತ್ಯಾಸ! ಅಷ್ಟು ದೂರದಿಂದ ಬಂದು, ಮಕ್ಕಳನ್ನು ಗೇಟಿನಿಂದ ವಾಪಸ್ ಕರೆದುಕೊಂಡು ಹೋಗಲು ಯಾವ ತಂದೆಗೂ ಆಗುವುದಿಲ್ಲ. ಕೊಟ್ಟರು. ರಸೀದಿ ಕೇಳಿ ಪಡೆದರು, ಅದು ಜಾಣತನ. ಒಳಗೆ ವೇವ್ ಪೂಲ್ ಮುಚ್ಚಿತ್ತು, ಕೆಲವು ರೈಡುಗಳು ಓಡುತ್ತಿರಲಿಲ್ಲ.

ಏಪ್ರಿಲ್ 19ರಿಂದ ಎರಡನೇ ಅಲೆಗೆ ಪಾರ್ಕ್ ಮತ್ತೆ ಮುಚ್ಚಿತು. ಕರ್ನಾಟಕದಲ್ಲಿ ಏಪ್ರಿಲ್ 27ರಿಂದ ಕರ್ಫ್ಯೂ, ತೆಲಂಗಾಣದಲ್ಲಿ ಮೇ 12ರಿಂದ ಜೂನ್ 19ರವರೆಗೆ ಲಾಕ್‌ಡೌನ್. ಜೂನ್ 30 ಬಂತು, ಪಾಸ್ ಸತ್ತಿತು. ಕೌಂಟರಿಗೆ ಫೋನ್ ಮಾಡಿದರೆ ‘ಒಂದು ಸಲ ವಿಸ್ತರಿಸಿದ್ದೇವಲ್ಲ ಸರ್’ ಅಂದರು.

ಮೂರು ಲೆಕ್ಕಗಳು

ಫೈಲ್ ನೋಡಿದ ಮೇಲೆ ಮೊದಲು ಹಾಳೆ ತೆಗೆದು ಲೆಕ್ಕ ಬರೆದೆ. ಎಷ್ಟು ಹಣ ಕೇಳಬೇಕು ಎನ್ನುವುದು ಗೊತ್ತಿಲ್ಲದೆ ಕಾನೂನು ಓದುವುದು ದಂಡ.

ಕಂಪನಿಯ ಲೆಕ್ಕದಲ್ಲಿ ಬಾಕಿ ಸೊನ್ನೆ. ವಿಸ್ತರಣೆ ಕೊಟ್ಟಿದೆ, ಅವರು ಬಳಸಿಯೂ ಇದ್ದಾರೆ.

ಉಪನ್ಯಾಸಕರದು ದಿನದ ಲೆಕ್ಕ. ಕೊಂಡದ್ದು 366 ದಿನ, 2020 ಅಧಿಕ ವರ್ಷ. ಪಾರ್ಕ್ ತೆರೆದಿದ್ದದ್ದು ಮೊದಲ ಸುತ್ತಿನಲ್ಲಿ 74 ದಿನ, ಎರಡನೇ ಸುತ್ತಿನಲ್ಲಿ 100. ಸಿಗದೆ ಹೋದದ್ದು 192 ದಿನ. 12,000ಕ್ಕೆ ಅನುಪಾತ ಹಾಕಿದರೆ 6,295 ರೂಪಾಯಿ.

ಮೂರನೆಯದು ಭೇಟಿಯ ಲೆಕ್ಕ. ಎರಡು ಸಲ ಹೋಗಿದ್ದಾರೆ, ಗೇಟಿನ ದರದಲ್ಲಿ 8,000. ಉಳಿದದ್ದು 4,000.

ನನಗೆ ದಿನದ ಲೆಕ್ಕ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇದು ವಿದ್ಯಾರ್ಥಿಯ ಬಸ್ ಪಾಸ್ ಅಲ್ಲ, ದಿನಾ ಹತ್ತಿ ಇಳಿಯುವುದಕ್ಕೆ. ಶಾಲೆಗೆ ಹೋಗುವ ಮಕ್ಕಳಿರುವ, ಬೇರೆ ರಾಜ್ಯದಲ್ಲಿರುವ ಕುಟುಂಬಕ್ಕೆ ಆ 366 ದಿನಗಳಲ್ಲಿ ಬೆಲೆ ಇದ್ದದ್ದು ಬೇಸಿಗೆ ರಜೆಗೆ, ದಸರಾಕ್ಕೆ, ವರ್ಷದ ಕೊನೆಯ ವಾರಕ್ಕೆ. ಬೇಸಿಗೆ ಎರಡು ಸಲವೂ ಹೋಯಿತು. ಜನವರಿಯ ಒಂದು ಮಂಗಳವಾರವೂ ಮೇ ತಿಂಗಳ ಒಂದು ಭಾನುವಾರವೂ ಅವರಿಗೆ ಒಂದೇ ಅಲ್ಲ. ಹಾಗಾಗಿ ನ್ಯಾಯವಾಗಿ ನೋಡಿದರೆ 6,295 ಕಡಿಮೆಯೇ. ಆದರೆ ‘ಮೇ ತಿಂಗಳಿಗೆ ಜಾಸ್ತಿ ಬೆಲೆ’ ಅಂತ ಗ್ರಾಹಕ ಆಯೋಗದ ಮುಂದೆ ಹೇಳಿದರೆ ಎಷ್ಟು ಜಾಸ್ತಿ ಅಂತ ಕೇಳುತ್ತಾರೆ, ಅದಕ್ಕೆ ಉತ್ತರವಿಲ್ಲ. ಯಾರು ಬೇಕಾದರೂ ಕ್ಯಾಲ್ಕುಲೇಟರ್ ಒತ್ತಿ ಪರೀಕ್ಷಿಸಬಹುದಾದ ಸಂಖ್ಯೆಯೇ ವಾಸಿ. 6,295ಕ್ಕೆ ಗೇಟಿನ 600 ಸೇರಿಸಿ 6,895 ಕೇಳುವುದು, 4,000ಕ್ಕಿಂತ ಕೆಳಗೆ ಇಳಿಯದಿರುವುದು ಅಂತ ತೀರ್ಮಾನಿಸಿದೆವು.

ಮಾನಸಿಕ ಯಾತನೆಗೆ ಒಂದು ಲಕ್ಷ ಹಾಕೋಣ ಅಂತ ಅವರ ಸ್ನೇಹಿತರೊಬ್ಬರು ಸಲಹೆ ಕೊಟ್ಟಿದ್ದರು. ಬೇಡ ಅಂದೆ. ಲಕ್ಷದ ನೋಟಿಸನ್ನು ಕಂಪನಿ ತನ್ನ ವಕೀಲರಿಗೆ ಕಳಿಸುತ್ತದೆ. ಏಳು ಸಾವಿರದ ನೋಟಿಸನ್ನು ಅಕೌಂಟ್ಸ್ ವಿಭಾಗಕ್ಕೆ ಕಳಿಸುವ ಸಾಧ್ಯತೆ ಇದೆ.

ಫೋರ್ಸ್ ಮೆಜೂರ್ ಮತ್ತು ವ್ಯಾಪ್ತಿ

ಕಂಪನಿಯ ಮುಖ್ಯ ಗುರಾಣಿ ಆ ಷರತ್ತು. ಅದನ್ನು ನಿಧಾನಕ್ಕೆ ಓದಿದೆವು. ಪ್ರಕೃತಿ ವಿಕೋಪ, ಸಾಂಕ್ರಾಮಿಕ, ಸರ್ಕಾರದ ಆದೇಶ ಇತ್ಯಾದಿಗಳಿಂದ ಪಾರ್ಕ್ ಮುಚ್ಚಿದರೆ ‘ಯಾವುದೇ ನಷ್ಟಕ್ಕೆ ಕಂಪನಿ ಹೊಣೆಯಲ್ಲ’ ಎಂದಿತ್ತು. ಇದರಲ್ಲಿ ತಪ್ಪೇನಿಲ್ಲ. ಸರ್ಕಾರ ಬಾಗಿಲು ಹಾಕಿಸಿದಾಗ ‘ನಮ್ಮ ರಜೆ ಹಾಳಾಯಿತು, ಪರಿಹಾರ ಕೊಡಿ’ ಅಂತ ಕೇಳಲು ಬರುವುದಿಲ್ಲ. ಆದರೆ ನಷ್ಟಕ್ಕೆ ಹೊಣೆಯಲ್ಲ ಎನ್ನುವುದು ಒಂದು ಮಾತು, ಕೊಡದ ಸೇವೆಯ ಹಣವನ್ನು ಇಟ್ಟುಕೊಳ್ಳುತ್ತೇನೆ ಎನ್ನುವುದು ಇನ್ನೊಂದು. ಬಹಳ ಜನ ಗ್ರಾಹಕರು ಇವೆರಡನ್ನೂ ಒಂದೇ ಅಂದುಕೊಂಡು ಸುಮ್ಮನಾಗುತ್ತಾರೆ. 1872ರ ಕರಾರು ಕಾಯ್ದೆಯ 56ನೇ ಕಲಮು, ನಡೆಸಲು ಅಸಾಧ್ಯವಾದ ಕರಾರು ಬಿದ್ದುಹೋಗುತ್ತದೆ ಎನ್ನುತ್ತದೆ. ಬಿದ್ದುಹೋದ ಕರಾರಿನಲ್ಲಿ ಪಡೆದ ಲಾಭವನ್ನು ಹಿಂತಿರುಗಿಸಬೇಕು ಎನ್ನುವುದು 65ನೇ ಕಲಮು. ಕರಾರಿನಲ್ಲೇ ಅಂಥ ಷರತ್ತು ಬರೆದಿದ್ದರೆ ವಿಷಯ 56ರ ಬದಲು ಷರತ್ತುಬದ್ಧ ಕರಾರುಗಳ 32ನೇ ಕಲಮಿಗೆ ಹೋಗುತ್ತದೆ ಎಂಬ ವಾದ ಇದೆ, 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ವಿದ್ಯುತ್ ಪ್ರಕರಣದಲ್ಲಿ ಹೇಳಿದ್ದೂ ಅದನ್ನೇ. ಆದ್ದರಿಂದ ನಾವು 65ರ ಮೇಲೆ ಮಾತ್ರ ಭಾರ ಹಾಕಲಿಲ್ಲ. ಗ್ರಾಹಕ ಕಾಯ್ದೆಯಲ್ಲಿರುವ ‘ಅನ್ಯಾಯದ ಕರಾರು’ ಎಂಬ ಮಾತನ್ನೂ ಸೇರಿಸಿದೆವು. 300 ದಿನ ಮುಚ್ಚಿ 181 ದಿನ ಕೊಡುವುದನ್ನು ಒಂದೇ ಕಡೆಯವರು ಕೂತು ತೀರ್ಮಾನಿಸಿದ್ದಾರೆ, ಅಲ್ವಾ?

ಪಾಸಿನ ಹಿಂದೆ ‘ಹೈದರಾಬಾದ್ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’ ಎಂದಿತ್ತು. 1986ರ ಹಳೆಯ ಗ್ರಾಹಕ ಕಾಯ್ದೆ ಇದ್ದಿದ್ದರೆ ಇದು ತಲೆನೋವೇ. ಎದುರುದಾರ ಇರುವ ಊರಿಗೆ ಅಥವಾ ವ್ಯವಹಾರ ನಡೆದ ಊರಿಗೆ ಹೋಗಬೇಕಿತ್ತು. ಏಳು ಸಾವಿರಕ್ಕಾಗಿ ಯಾರು ತಾರೀಖಿಗೊಮ್ಮೆ ಹೈದರಾಬಾದಿಗೆ ಓಡಾಡುತ್ತಾರೆ? 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ 34ನೇ ಕಲಮಿನ ಪ್ರಕಾರ ದೂರುದಾರ ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಅಂದರೆ ಕಲಬುರಗಿಯಲ್ಲೇ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಇ-ದಾಖಿಲ್ ಎಂಬ ಆನ್‌ಲೈನ್ ವ್ಯವಸ್ಥೆ ಆಗಲೇ ಶುರುವಾಗಿತ್ತು. ಪಾಸಿನ ಹಿಂದಿನ ಆ ಸಾಲು ಗ್ರಾಹಕ ಆಯೋಗದ ದಾರಿಯನ್ನು ಕಟ್ಟುವುದಿಲ್ಲ ಎಂಬುದು ನಮ್ಮ ನಿಲುವು. ದೂರು ಹಾಕಲು ಇರುವ ಎರಡು ವರ್ಷದ ಕಾಲಮಿತಿಯ ಚಿಂತೆಯೂ ಇರಲಿಲ್ಲ. ಕೋವಿಡ್ ಕಾಲದ ದಿನಗಳನ್ನು ಕಾಲಮಿತಿಯಿಂದ ಸುಪ್ರೀಂ ಕೋರ್ಟ್ ಹೊರಗಿಟ್ಟಿತ್ತು. ಕೊನೆಗೆ ಆ ವಿನಾಯಿತಿ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗೆ ನಡೆಯಿತು.

ನಮ್ಮ ದುರ್ಬಲ ಜಾಗ ಫೆಬ್ರುವರಿಯ ಭೇಟಿ. ವಿಸ್ತರಣೆ ಒಪ್ಪುವುದಿಲ್ಲ ಅಂದವರು ವಿಸ್ತರಿಸಿದ ಪಾಸಿನಲ್ಲೇ ಒಳಗೆ ಹೋಗಿದ್ದಾರೆ. ಒಪ್ಪಿದ ಹಾಗೇ ಆಯಿತಲ್ಲ ಅಂತ ಎದುರಿನವರು ಹೇಳಿಯೇ ಹೇಳುತ್ತಾರೆ. ಜೂನ್ 2020ರ ಆ ಎರಡು ಸಾಲಿನ ಮೇಲ್ ಇಲ್ಲದಿದ್ದರೆ ನಾನು ಈ ಫೈಲನ್ನು ಮುಟ್ಟುತ್ತಿರಲಿಲ್ಲ. ಆಕ್ಷೇಪ ಮೊದಲೇ ದಾಖಲಾಗಿತ್ತು, ಅದಕ್ಕೆ ಉತ್ತರ ಬಂದಿರಲಿಲ್ಲ, ಹೋದದ್ದು ಒಂದೇ ಸಲ, ಆ ಸಲದ ಬೆಲೆಯನ್ನು ಲೆಕ್ಕದಿಂದ ಕಳೆಯಲು ನಾವು ತಯಾರಿದ್ದೆವು. ಇಂಥ ಸ್ಥಿತಿಯಲ್ಲಿರುವವರಿಗೆ ನನ್ನ ಅಭಿಪ್ರಾಯ ಇಷ್ಟು: ವಿಸ್ತರಿಸಿದ ಪಾಸನ್ನು ಗೇಟಿನಲ್ಲಿ ತೋರಿಸುವ ಮೊದಲು ‘ಹಕ್ಕು ಬಿಟ್ಟುಕೊಡದೆ ಬಳಸುತ್ತಿದ್ದೇವೆ’ ಅಂತ ಒಂದು ಮೇಲ್ ಹಾಕಿ. ಒಂದು ನಿಮಿಷದ ಕೆಲಸ.

ಬೇರೆ ಕಡೆ ಇದೇ ಜಗಳ

ವಿಮಾನ ಟಿಕೆಟಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತ್ತು. ಕಷ್ಟದಲ್ಲಿರುವ ವಿಮಾನ ಕಂಪನಿಗಳು ಹಣದ ಬದಲು ಕ್ರೆಡಿಟ್ ಶೆಲ್ (ಮುಂದಿನ ಟಿಕೆಟಿಗೆ ಬಳಸಬಹುದಾದ ಜಮೆ) ಕೊಡಬಹುದು, 2021ರ ಮಾರ್ಚ್ 31ರವರೆಗೆ ಬಳಸಬಹುದು. ಕಾಯುವುದಕ್ಕೆ ತಿಂಗಳಿಗೆ ಮೊದಲು ಶೇಕಡ 0.5, 2020ರ ಜೂನ್ ನಂತರ ಶೇಕಡ 0.75 ಸೇರಿಸಬೇಕು. ಬಳಸದಿದ್ದರೆ ಕೊನೆಗೆ ಹಣವನ್ನೇ ಕೊಡಬೇಕು. ಇದು ಪಾರ್ಕುಗಳಿಗೆ ಅನ್ವಯಿಸುವುದಿಲ್ಲ, ನಿಜ. ಆದರೂ ನೋಟಿಸಿನಲ್ಲಿ ಉಲ್ಲೇಖಿಸಿದೆವು. ಗ್ರಾಹಕನ ಹಣ ಕಂಪನಿಯ ಹತ್ತಿರ ಕೂತಿದ್ದರೆ ಅದಕ್ಕೂ ಬೆಲೆ ಇದೆ ಎಂಬ ಮಾತು ಅದರಲ್ಲಿದೆ.

ವಾರ್ಷಿಕ ಪಾಸ್ ಎನ್ನುವುದು ದೊಡ್ಡ ವ್ಯಾಪಾರವಾಗಿರುವ ಅಮೆರಿಕದಲ್ಲೂ ಇದೇ ಆಯಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2020ರ ಮಾರ್ಚ್ 14ಕ್ಕೆ ಮುಚ್ಚಿ ಮತ್ತೆ ತೆರೆದದ್ದು 2021ರ ಏಪ್ರಿಲ್ 30ಕ್ಕೆ. ಮಧ್ಯದಲ್ಲಿ, 2021ರ ಜನವರಿಯಲ್ಲಿ, ಹಳೆಯ ವಾರ್ಷಿಕ ಪಾಸ್ ಯೋಜನೆಯನ್ನೇ ಕೊನೆಗೊಳಿಸಿ ಹಣ ವಾಪಸ್ ಮಾಡುವುದಾಗಿ ಹೇಳಿತು. ಫ್ಲೋರಿಡಾದ ಡಿಸ್ನಿ ವರ್ಲ್ಡ್ 2020ರ ಜುಲೈ 11ಕ್ಕೇ ತೆರೆಯಿತು, ಅಲ್ಲಿ ಪಾಸ್ ಇದ್ದವರೂ ದಿನಾಂಕ ಮೊದಲೇ ಕಾಯ್ದಿರಿಸಬೇಕಾಯಿತು. ಅಲ್ಲಿ ಬಹಳ ಜನ ಪಾಸಿನ ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟುತ್ತಾರೆ. ಕಂತು ನಿಲ್ಲಿಸುವುದೇ ಅವರ ಕೈಯಲ್ಲಿರುವ ಲಗಾಮು. ನಮ್ಮ ಉಪನ್ಯಾಸಕರು ಪೂರ್ತಿ ಹಣ ಮುಂಗಡವಾಗಿ ಕಟ್ಟಿದ್ದರು. ಲಗಾಮು ಎದುರಿನವರ ಕೈಯಲ್ಲಿತ್ತು.

ಚೌಕಾಸಿ

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆವು. ಅದು ಆದೇಶ ಕೊಡುವ ಸಂಸ್ಥೆಯಲ್ಲ, ಕಂಪನಿಯ ಜೊತೆ ಮಾತಾಡಿಸುತ್ತದೆ ಅಷ್ಟೇ. ‘ವಿಸ್ತರಣೆ ಕೊಟ್ಟಿದ್ದೇವೆ’ ಎಂಬ ಉತ್ತರ ಬಂತು. ಮುಗಿಯಿತು. ಆಗಸ್ಟ್‌ನಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಹೋಯಿತು. ಜೊತೆಗೆ ಇ-ದಾಖಿಲ್‌ಗೆ ತಯಾರಾಗಿದ್ದ ದೂರಿನ ಪ್ರತಿಯನ್ನೂ ಲಗತ್ತಿಸಿದೆವು. ಅದರ ತಲೆಯ ಮೇಲೆ ಕಲಬುರಗಿ ಜಿಲ್ಲಾ ಗ್ರಾಹಕ ಆಯೋಗ ಎಂದಿತ್ತು. ಇನ್ನು ಮುಂದೆ ತಾರೀಖಿಗೆ ಓಡಾಡುವ ಸರದಿ ಅವರದು ಎಂದು ಅವರಿಗೆ ಅರ್ಥವಾಗಿರಬೇಕು. ಫೋನ್ ಬಂತು.

ಮೊದಲ ಮಾತು ಜಿಎಸ್‌ಟಿ. ‘ನಿಮ್ಮ 12,000ದಲ್ಲಿ ಶೇಕಡ 18ರಂತೆ 1,831 ಸರ್ಕಾರಕ್ಕೆ ಹೋಗಿದೆ. ಅದನ್ನು ನಾವು ಎಲ್ಲಿಂದ ತರಬೇಕು?’ ಇದು ನನ್ನ ಅಂಗಡಿಯ ವಿಷಯ. ಸೇವೆ ಕೊಡದಿದ್ದರೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಕಾಗದ) ಹಾಕಿ ತೆರಿಗೆ ಇಳಿಸಿಕೊಳ್ಳಲು ಜಿಎಸ್‌ಟಿ ಕಾಯ್ದೆಯಲ್ಲೇ ದಾರಿ ಇದೆ, 34ನೇ ಕಲಮು. 2019ರ ಡಿಸೆಂಬರ್‌ನ ಬಿಲ್ಲಿಗೆ ಆಗಿನ ನಿಯಮದ ಪ್ರಕಾರ 2020ರ ಸೆಪ್ಟೆಂಬರ್‌ವರೆಗೆ ಸಮಯವಿತ್ತು. ಇವರು ಹಣ ಕೇಳಿದ್ದು ಜೂನ್‌ನಲ್ಲಿ. ಮೂರು ತಿಂಗಳು ಸುಮ್ಮನೆ ಕೂತವರು ಯಾರು? ಆ ಕಡೆಯವರು ವಿಷಯ ಬದಲಾಯಿಸಿದರು.

ಆಮೇಲೆ ವೋಚರ್ ಬಂತು. 7,000 ರೂಪಾಯಿಯ ವೋಚರ್, ಒಂದು ವರ್ಷದ ಅವಧಿ. ಸಂಖ್ಯೆಯಲ್ಲಿ ನಾವು ಕೇಳಿದ್ದಕ್ಕಿಂತ ಜಾಸ್ತಿ. ಉಪನ್ಯಾಸಕರ ಮನಸ್ಸು ವಾಲಿತು. ಮಕ್ಕಳಂತೂ ತಯಾರಾಗಿಬಿಟ್ಟರು. ಅವರ ಹೆಂಡತಿ ಒಪ್ಪಲಿಲ್ಲ. ‘ಮತ್ತ ಬಂದ್ ಆದ್ರ ಏನ್ ಮಾಡಾದ್ರಿ? ಮತ್ತ ಇದೇ ಕತಿ. ರೊಕ್ಕ ಕೊಡಂತ ಹೇಳ್ರಿ, ಕಡಿಮಿ ಆದ್ರೂ ನಡೀತದ’ ಅಂದರು. ಮೂರನೇ ಅಲೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದ ಕಾಲ. 2022ರ ಜನವರಿಯಲ್ಲಿ ಅದು ಬಂತು ಕೂಡ. ವೋಚರ್ ಎಂದರೆ ಅದೇ ಪಂದ್ಯವನ್ನು ಮತ್ತೊಮ್ಮೆ ಕಟ್ಟಿದಂತೆ. ಇಡೀ ಚೌಕಾಸಿಯಲ್ಲಿ ವಿಷಯವನ್ನು ಸರಿಯಾಗಿ ಹಿಡಿದವರು ಅವರೇ.

ಕೊನೆಗೆ 4,600ಕ್ಕೆ ನಿಂತಿತು. ಭೇಟಿಯ ಲೆಕ್ಕದ 4,000, ಗೇಟಿನಲ್ಲಿ ಪಡೆದ 600. ಆ 600ರ ಬಗ್ಗೆ ಅವರು ಹೆಚ್ಚು ವಾದ ಮಾಡಲಿಲ್ಲ. ಪಾರ್ಕ್ ಮುಚ್ಚಿದ್ದ ಕಾಲದಲ್ಲಿ ಹುಡುಗ ಬೆಳೆದದ್ದಕ್ಕೆ ಹುಡುಗನ ಮನೆಯವರೇ ದಂಡ ಕಟ್ಟಬೇಕು ಅಂತ ಬರಹದಲ್ಲಿ ಹೇಳಲು ಯಾರಿಗೂ ಧೈರ್ಯ ಬಂದಿರಲಿಕ್ಕಿಲ್ಲ. 6,895ಕ್ಕೆ ಆಯೋಗದವರೆಗೆ ಹೋಗಬಹುದಿತ್ತು. ಫೆಬ್ರುವರಿಯ ಭೇಟಿ ನನ್ನ ತಲೆಯಲ್ಲಿ ಕೊರೆಯುತ್ತಿತ್ತು, ಅವರಿಗೂ ಹಣ ಬೇಗ ಬೇಕಿತ್ತು. ಒಪ್ಪಿಕೊಂಡರು.

ರಾಜಿ ಪತ್ರದಲ್ಲಿ ಎರಡು ಕಡೆ ತಕರಾರು ಬಂತು. ‘ಪಾರ್ಕಿನ ಬಗ್ಗೆ ಎಲ್ಲೂ ಅಭಿಪ್ರಾಯ ಬರೆಯುವುದಿಲ್ಲ’ ಎಂಬ ಒಂದು ಸಾಲಿತ್ತು, ಹೊಡೆದುಹಾಕಿಸಿದೆವು. ಪಾಸಿನ ಕಾರ್ಡುಗಳನ್ನು ಕೊರಿಯರ್ ಮಾಡಿದ ಮೇಲೆಯೇ ಹಣ ಹಾಕುತ್ತೇವೆ ಅಂದರು. ಹಣ ಬಂದ ಮೇಲೆಯೇ ಕಾರ್ಡ್ ಅಂತ ಉಪನ್ಯಾಸಕರು ಪಟ್ಟು ಹಿಡಿದರು. ಎರಡು ವಾರ ಇದೇ ನಡೆಯಿತು. ಕೊನೆಗೆ ನಾಲ್ಕೂ ಕಾರ್ಡುಗಳನ್ನು ಕತ್ತರಿಯಿಂದ ಕತ್ತರಿಸಿ, ಫೋಟೊ ತೆಗೆದು ಮೇಲ್ ಮಾಡಿದರೆ ಸಾಕು ಎಂದು ಒಪ್ಪಿದರು. ಅಕ್ಟೋಬರ್ ಎರಡನೇ ವಾರ 4,600 ರೂಪಾಯಿ ಖಾತೆಗೆ ಬಿತ್ತು.